ಎಡಿಎಚ್‌ಡಿ ಮಾತ್ರೆ: ಮಕ್ಕಳಿಗೆ ಶುರು ಮಾಡಿದವರು ಅನುಭವ ಹೇಳಿ

ಠಾಣೆಯಿಂದ, ಪ್ರಶ್ನೆ

ಮಗನಿಗೆ 8 ವರ್ಷ, ಮೂರನೇ ಕ್ಲಾಸು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ ಇದೆ ಎಂದು ಮಕ್ಕಳ ಮನೋವೈದ್ಯರು ಹೇಳಿದ್ದಾರೆ. ಮಿಥೈಲ್‌ಫೆನಿಡೇಟ್ 5 ಮಿಲಿಗ್ರಾಂ ಬರೆದಿದ್ದಾರೆ. ಚೀಟಿ ಇನ್ನೂ ಪರ್ಸಿನಲ್ಲೇ ಇದೆ. ಊರಿಂದ ಅತ್ತೆ ಫೋನ್ ಮಾಡಿ "ಇಷ್ಟು ಚಿಕ್ಕ ಮಗುವಿಗೆ ತಲೆಯ ಮಾತ್ರೆಯಾ" ಎಂದು ಅಳುತ್ತಾರೆ. ಚಟ ಆಗಿಬಿಡುತ್ತಾ? ಮಂಕಾಗುತ್ತಾನಾ? ಕೊಟ್ಟವರು ದಯವಿಟ್ಟು ಹೇಳಿ.

ಡೊಂಬಿವಲಿಯಿಂದ, ಏಳನೇ ಕ್ಲಾಸಿನ ಹುಡುಗಿಯ ತಾಯಿ

ಅಕ್ಕಾ, ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಇದು ಗೊತ್ತಾದ ಮೇಲೆ ನನ್ನ ಅರ್ಧ ಭಯ ಹೋಯಿತು. ಸಾದಾ ಮಿಥೈಲ್‌ಫೆನಿಡೇಟ್ ಮಾತ್ರೆ ಅರ್ಧ ಗಂಟೆ, ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ. ಸುಮಾರು ನಾಲ್ಕು ತಾಸಿನಲ್ಲಿ ಅದರ ಪ್ರಭಾವ ಇಳಿಯುತ್ತದೆ. ನಿಧಾನವಾಗಿ ಕರಗುವ ನಮೂನೆಯದಾದರೆ 8ರಿಂದ 12 ತಾಸು. ಅಂದರೆ ಬೆಳಿಗ್ಗೆ ಕೊಟ್ಟದ್ದು ರಾತ್ರಿಯ ಹೊತ್ತಿಗೆ ಮುಗಿದಿರುತ್ತದೆ. ನೀವು ಈಗ ಅವನ ಇಡೀ ಬದುಕಿನ ತೀರ್ಮಾನ ಮಾಡುತ್ತಿಲ್ಲ. ಕೆಲವು ವಾರ ಕೊಟ್ಟು ನೋಡಿ. ಏನಾಯಿತು ಎಂದು ದಿನಾ ಎರಡು ಸಾಲು ಬರೆದಿಡಿ. ಆಮೇಲೆ ಡಾಕ್ಟರ್ ಜೊತೆ ಕೂತು ಮುಂದುವರಿಸುವುದೋ ಬಿಡುವುದೋ ಮಾತಾಡಿ.

ಕೊಡುವ ಮೊದಲು ಅವನ ತೂಕ, ಎತ್ತರ, ಬಿಪಿ, ನಾಡಿ ನೋಡಿದ್ದಾರಾ? ಇಲ್ಲದಿದ್ದರೆ ಕೇಳಿ ಮಾಡಿಸಿ. ಮನೆತನದಲ್ಲಿ ಹೃದಯದ ಕಾಯಿಲೆ ಇದ್ದರೆ, ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದರೆ ಮುಚ್ಚಿಡಬೇಡಿ. ಮಗು ಆಡುವಾಗ ತಲೆ ತಿರುಗಿ ಬಿದ್ದಿದ್ದರೆ, ಫಿಟ್ಸ್ ಬಂದಿದ್ದರೆ, ಕಣ್ಣು ಕುತ್ತಿಗೆ ತಾನಾಗೇ ಅದುರುವ ಅಭ್ಯಾಸ ಇದ್ದರೆ ಅದನ್ನೂ ಹೇಳಿ.

ಮಂಕಾಗುವ ಬಗ್ಗೆ ನಮ್ಮ ಅನುಭವ ಇದು. 5ರಿಂದ ಶುರು ಮಾಡಿ ವಾರ ವಾರ ನೋಡುತ್ತಾ 10ಕ್ಕೆ ಬಂದೆವು, ಚೆನ್ನಾಗಿತ್ತು. ಅದಕ್ಕಿಂತ ಮೇಲೆ ಏರಿಸಿದಾಗ ಅವಳ ಮಾತೇ ಕಡಿಮೆಯಾಯಿತು, ನಗುವೂ ಇಲ್ಲ. ತಕ್ಷಣ ಫೋನ್ ಮಾಡಿದೆ, ಮೊದಲಿನ ಡೋಸಿಗೇ ಇಳಿಸಿದರು. ಎರಡು ದಿನದಲ್ಲಿ ನಮ್ಮ ಹುಡುಗಿ ವಾಪಸ್ ಬಂದಳು. ಮಗು ಮಂಕಾಗಿ ಕೂತರೆ ಅದನ್ನು ಸಹಿಸಿಕೊಳ್ಳಬೇಡಿ, ಡಾಕ್ಟರಿಗೆ ಹೇಳಿ. ಡೋಸ್ ಸರಿಯಾಗಿದ್ದರೆ ಮಗು ತನ್ನ ಹಾಗೇ ಇರುತ್ತದೆ.

ಚಟದ ಮಾತು ನನ್ನ ಅಮ್ಮನೂ ಕೇಳಿದ್ದರು. ಡಾಕ್ಟರ್ ಬರೆದಷ್ಟೇ ಕೊಟ್ಟರೆ ಮಗು ಮುಂದೆ ಚಟಕ್ಕೆ ಬೀಳುವ ಸಾಧ್ಯತೆ ಜಾಸ್ತಿಯಾಗುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ನಮ್ಮವಳು ರಜೆಯಲ್ಲಿ ಡಾಕ್ಟರ್ ಹೇಳಿದಂತೆ ಮಾತ್ರೆ ಬಿಟ್ಟಾಗ ಒಂದು ದಿನವೂ ಕೇಳಿದವಳಲ್ಲ. ಆದರೆ ಬೇರೆಯವರು ಇದನ್ನು ತಪ್ಪಾಗಿ ಬಳಸಬಹುದು, ಅದಕ್ಕೇ ಕಾನೂನು ಬಿಗಿ. ಇದು ಶೆಡ್ಯೂಲ್ ಎಕ್ಸ್ ಔಷಧ. ಬೇರೆ ಲೈಸೆನ್ಸ್ ಇರುವ ಮೆಡಿಕಲ್ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ. ಚೀಟಿ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಮನೆ ಹತ್ತಿರದ ಅಂಗಡಿಯವನು "ನಹೀ ಮಿಲೇಗಾ" ಎಂದು ಮುಖ ನೋಡಿದರೆ ನೊಂದುಕೊಳ್ಳಬೇಡಿ. ಯಾವ ಅಂಗಡಿಯಲ್ಲಿ ಇಡುತ್ತಾರೆ ಎಂದು ಡಾಕ್ಟರನ್ನೇ ಕೇಳಿ. ಸ್ಟ್ರಿಪ್ ಮುಗಿಯುವ ಒಂದು ವಾರ ಮೊದಲೇ ತಂದಿಡಿ, ಅದರಲ್ಲೂ ಗಣಪತಿ ಹಬ್ಬದ ಹೊತ್ತಿಗೆ, ಮೇ ರಜೆಗೆ ಊರಿಗೆ ಹೊರಡುವ ಮುಂಚೆ. ಮನೆಯಲ್ಲಿ ಬೀಗದೊಳಗೆ ಇಡಿ.

ನಿಜವಾದ ಕಷ್ಟ ಊಟದ್ದು. ಮಧ್ಯಾಹ್ನ ಹಸಿವೇ ಇರುವುದಿಲ್ಲ. ಡಬ್ಬಿ ಹೋದ ಹಾಗೇ ವಾಪಸ್ ಬರುತ್ತದೆ. ಎಷ್ಟು ಬೈದರೂ ಪ್ರಯೋಜನ ಇಲ್ಲ, ಅವಳಿಗೆ ನಿಜಕ್ಕೂ ಹಸಿವಾಗುತ್ತಿರಲಿಲ್ಲ. ನಾವು ಇಡೀ ಮನೆಯ ಊಟದ ಹೊತ್ತನ್ನೇ ಬದಲಾಯಿಸಿದೆವು. ಬೆಳಿಗ್ಗೆ ಮೊದಲು ತಿಂಡಿ, ಆಮೇಲೆ ಮಾತ್ರೆ. ತುಪ್ಪ ಹಾಕಿದ ದೋಸೆ, ಮೊಟ್ಟೆ, ಹಾಲು, ಹೊಟ್ಟೆ ತುಂಬ. ಡಬ್ಬಿಗೆ ಒಣದ್ರಾಕ್ಷಿ, ಗೋಡಂಬಿ, ಸಣ್ಣ ಚಪಾತಿ ರೋಲ್, ಅಷ್ಟೇ. ಸಂಜೆ ಹಸಿವು ಒಮ್ಮೆಲೇ ಬರುತ್ತದೆ. ಆಗ ಬಿಸ್ಕತ್ತು ಕೊಟ್ಟು ಕಳೆಯಬೇಡಿ, ಅನ್ನ ಸಾರು ಪಲ್ಯದ ಸರಿಯಾದ ಊಟವನ್ನೇ ಹಾಕಿ. ಮಲಗುವ ಮುಂಚೆ ಬಾಳೆಹಣ್ಣು, ಹಾಲು. ತೂಕ, ಎತ್ತರ ಪ್ರತಿ ಭೇಟಿಯಲ್ಲೂ ಬರೆಸಿ. ಬೆಳವಣಿಗೆ ಸ್ವಲ್ಪ ನಿಧಾನವಾಗಬಹುದು, ಅದಕ್ಕೆ ಈ ಲೆಕ್ಕ ಬೇಕೇ ಬೇಕು.

ಇನ್ನೊಂದು, ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೆ ಕೆಲವು ಮಕ್ಕಳಿಗೆ ಸಿಡುಕು, ಅಳು. ಆ ಒಂದು ಗಂಟೆ ನಾವು ಹೋಂವರ್ಕ್ ಮಾತೇ ಎತ್ತುವುದಿಲ್ಲ. ಸೊಸೈಟಿಯ ಕೆಳಗೆ ಸೈಕಲ್ ಹೊಡೆದು ಬರಲಿ ಎಂದು ಬಿಡುತ್ತೇವೆ. ಎರಡನೇ ಡೋಸ್ ಇದ್ದರೆ ಸಂಜೆ ತಡವಾಗಿ ಕೊಡಬೇಡಿ, ನಿದ್ದೆ ಕೆಡುತ್ತದೆ.

ಏನು ಬದಲಾಯಿತು ಅಂತ ಕೇಳಿದರೆ, ಒಂದು ಸಂಜೆ ಅವಳೇ ಹೇಳಿದಳು, "ಅಮ್ಮಾ, ಇವತ್ತು ಟೀಚರ್ ಹೇಳಿದ್ದು ಕೊನೇವರೆಗೂ ಕೇಳಿಸಿತು." ಬೋರ್ಡಿನಿಂದ ಪೂರ್ತಿ ಬರೆದುಕೊಂಡು ಬರತೊಡಗಿದಳು. ಬ್ಯಾಗ್ ಮಾತ್ರ ಇವತ್ತಿಗೂ ಚೆಲ್ಲಾಪಿಲ್ಲಿ. ಬ್ಯಾಗ್ ಜೋಡಿಸುವುದನ್ನು ಮಾತ್ರೆ ಕಲಿಸುವುದಿಲ್ಲ. ಅದಕ್ಕೆ ಬಾಗಿಲ ಮೇಲೆ ಚಿತ್ರ ಅಂಟಿಸಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮಾಡಿದ ಕೂಡಲೇ ಮೆಚ್ಚಿ ಮಾತಾಡಿ ರೂಢಿ ಮಾಡಿಸಬೇಕು. ತಂದೆ ತಾಯಿಗೆ ಈ ತರಬೇತಿ ಕೊಡುವವರು ಇದ್ದಾರೆ, ಡಾಕ್ಟರಲ್ಲಿ ಕೇಳಿ. ಮಾತ್ರೆ ಜೊತೆಗೇ ಅದೂ ನಡೆಯಲಿ.

ಪುಣೆಯಿಂದ, ಒಬ್ಬ ತಂದೆ

ಮೇಲಿನವರು ಹೇಳಿದ್ದು ಸರಿ, ಆದರೆ ಎಲ್ಲ ಮಕ್ಕಳಿಗೂ ಅದೇ ಮಾತ್ರೆ ಹೊಂದುವುದಿಲ್ಲ. ನನ್ನ ಮಗನಿಗೆ ಕುತ್ತಿಗೆ ಅದುರುವುದು ಇತ್ತು, ತುಂಬ ಅಂಜುಬುರುಕ ಬೇರೆ. ಅದಕ್ಕೆ ಅಟೊಮೊಕ್ಸೆಟಿನ್ ಎಂಬ ಬೇರೆ ಮಾತ್ರೆ ಕೊಟ್ಟರು. ಇದಕ್ಕೆ ತಾಳ್ಮೆ ಬೇಕು. ಪೂರ್ತಿ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಜಾಸ್ತಿ. ರಜೆ ಬಂತೆಂದು ನಡುನಡುವೆ ಬಿಟ್ಟು ಕೊಡುವ ಮಾತ್ರೆ ಇದಲ್ಲ. ಶುರುವಿನಲ್ಲಿ ವಾಕರಿಕೆ ಬರುತ್ತಿತ್ತು, ಊಟವಾದ ಮೇಲೆ ಕೊಟ್ಟರೆ ಕಡಿಮೆಯಾಯಿತು. ಮಗು ತುಂಬ ಬೇಸರದಲ್ಲಿದ್ದರೆ, ಸಾಯುವ ಮಾತಾಡಿದರೆ ಅದೇ ದಿನ ಡಾಕ್ಟರಿಗೆ ಹೇಳಬೇಕು ಎಂದು ನಮಗೆ ಮೊದಲೇ ಎಚ್ಚರಿಸಿದ್ದರು.

ಇನ್ನೊಂದು ಮಾತು. ಗಮನ ಸುಧಾರಿಸಿದರೂ ಇವನು ಓದುವಾಗ ಅಕ್ಷರ ತಡವರಿಸುತ್ತಿದ್ದ. ಪರೀಕ್ಷೆ ಮಾಡಿಸಿದಾಗ ಡಿಸ್ಲೆಕ್ಸಿಯಾ ಎಂಬ ಓದು ಬರಹದ ಕಲಿಕೆಯ ತೊಂದರೆ ಕೂಡ ಇದೆ ಎಂದು ಗೊತ್ತಾಯಿತು. ಎರಡೂ ಒಟ್ಟಿಗೇ ಇರುವುದು ಅಪರೂಪವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕಲಿಕೆಯ ತೊಂದರೆ ಇದೆ, ಎಡಿಎಚ್‌ಡಿ ಬೇರೆಯಾಗಿ ಇಲ್ಲ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಬೇಕಾದರೆ ಕಲಿಕೆಯ ತೊಂದರೆಯ ಸರ್ಟಿಫಿಕೇಟು ಬೇಕಾಗಬಹುದು. ಓದು ಬರಹ ಸಾಗದಿದ್ದರೆ ಬೇಗ ತಪಾಸಣೆ ಮಾಡಿಸಿ.

ಮಡಗಾವಿನಿಂದ

ಅತ್ತೆಯವರ ಬಗ್ಗೆ ಒಂದೇ ಮಾತು. ಸರ್ಕಾರದ ಟೆಲಿ ಮನಸ್ ಎಂಬ ಉಚಿತ ಫೋನ್ ಸೇವೆ 2022ರ ಅಕ್ಟೋಬರಿನಿಂದ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು. ಅವರ ಅನುಮಾನ ಅವರೇ ಕೇಳಲಿ.

ಠಾಣೆಯಿಂದ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅವನಿಗೆ ಏನು ಹೇಳಲಿ? ಶಾಲೆಗೆ ಹೇಳಬೇಕಾ?

ಡೊಂಬಿವಲಿಯಿಂದ

ವಿಟಮಿನ್ ಎಂದು ಸುಳ್ಳು ಹೇಳಬೇಡಿ. ಒಂದು ದಿನ ಗೊತ್ತಾಗುತ್ತದೆ, ಆಗ ನಂಬಿಕೆ ಹೋಗುತ್ತದೆ. "ನಿನಗೆ ಒಂದೇ ಕಡೆ ಗಮನ ಇಡುವುದು ಕಷ್ಟ, ಇದರಿಂದ ಸುಲಭ ಆಗುತ್ತಾ ನೋಡೋಣ, ಹೇಗನಿಸಿತು ಅಂತ ನೀನೇ ಹೇಳಬೇಕು" ಎನ್ನಿ. ಗಲಾಟೆ ಮಾಡಿದಾಗ "ಮಾತ್ರೆ ತಗೊಂಡಿಲ್ವಾ" ಎಂದು ಮನೆಯಲ್ಲಿ ಯಾರೂ ಕೇಳಬಾರದು, ಅದು ಅವನಿಗೆ ತುಂಬ ನೋವು ಕೊಡುತ್ತದೆ. ಮೊದಲ ಮಾತ್ರೆ ಶನಿವಾರ ಕೊಡಿ, ನೀವಿಬ್ಬರೂ ಮನೆಯಲ್ಲಿರುವಾಗ. ಶಾಲೆಯಲ್ಲಿ ಕ್ಲಾಸ್ ಟೀಚರ್ ಒಬ್ಬರಿಗೆ ಹೇಳಿದರೆ ಸಾಕು. ಮಗುವಿನ ಗಮನ, ನಡವಳಿಕೆಯ ಬಗ್ಗೆ ಡಾಕ್ಟರ್ ಕೊಡುವ ಫಾರ್ಮನ್ನು ಮಾತ್ರೆ ಶುರುವಾಗುವ ಮುಂಚೆ ಒಮ್ಮೆ, ಮೂರು ನಾಲ್ಕು ವಾರವಾದ ಮೇಲೆ ಇನ್ನೊಮ್ಮೆ ಅವರಿಂದ ತುಂಬಿಸಿಕೊಳ್ಳಿ. ಮುಂದಿನ ಭೇಟಿಗೆ ಹೋಗುವಾಗ ಆ ಎರಡು ಫಾರ್ಮ್, ನಿಮ್ಮ ಡೈರಿ, ಅವನ ತೂಕದ ಲೆಕ್ಕ ಇಷ್ಟನ್ನೂ ತೆಗೆದುಕೊಂಡು ಹೋಗಿ.