ಗಣಿತ ಪೇಪರ್ ದಿನ ಬೆಳಿಗ್ಗೆ ಹೊಟ್ಟೆನೋವು: ಪಾಲಕರ ಪ್ರಶ್ನೆ, ಆಪ್ತಸಲಹೆಗಾರ್ತಿಯ ಉತ್ತರ

ಪ್ರಶ್ನೆ (ಅಂಕೋಲಾದ ತಾಯಿ): ನಮಸ್ತೆ ಮೇಡಂ. ಮಗಳು ಹತ್ತನೇ ತರಗತಿ. ಓದಿನಲ್ಲಿ ಚುರುಕು. ಆದರೆ ಮೊದಲ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದ ದಿನ ಬೆಳಿಗ್ಗೆ ಎರಡು ಸಲ ವಾಂತಿ ಮಾಡಿಕೊಂಡಳು. ಹೊಟ್ಟೆನೋವು ಅಂತ ಮುದುಡಿ ಮಲಗಿದಳು. ಹೇಗೋ ಕಳಿಸಿದೆವು. ಅಲ್ಲಿ ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ಎಲ್ಲ ಮರೆತು ಹೋಯಿತಂತೆ. ಮನೆಗೆ ಬಂದು ಅದೇ ಲೆಕ್ಕವನ್ನು ಐದು ನಿಮಿಷದಲ್ಲಿ ಮಾಡಿ ತೋರಿಸಿದಳು! ಅವಳ ಅಪ್ಪ "ಎಲ್ಲಾ ನಾಟಕ" ಅನ್ನುತ್ತಾರೆ. ಹೌದಾ?

ಉತ್ತರ: ನಾಟಕ ಅಲ್ಲ ಅಕ್ಕ. ಹೊಟ್ಟೆ ನಿಜವಾಗಿ ನೋಯುತ್ತದೆ. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆಬಡಿತ ಜಾಸ್ತಿಯಾಗುತ್ತದೆ, ರಕ್ತ ಕೈಕಾಲಿನ ಕಡೆ ಓಡುತ್ತದೆ, ಹೊಟ್ಟೆ ತನ್ನ ಕೆಲಸ ನಿಲ್ಲಿಸಿದ ಹಾಗಾಗುತ್ತದೆ. ಕಾಡಿನ ದಾರಿಯಲ್ಲಿ ಕರಡಿ ಎದುರಾದರೆ ಇದೆಲ್ಲ ಬೇಕು. ಲೆಕ್ಕ ಬಿಡಿಸಲು ಬೇಡ. ತಲೆ ತುಂಬ "ಆಗದಿದ್ದರೆ ಏನು ಗತಿ" ಅನ್ನುವುದೇ ಇದ್ದರೆ ಸೂತ್ರ ನಿಲ್ಲಲು ಜಾಗ ಎಲ್ಲಿ? ಕಲಿತದ್ದು ಎಲ್ಲೂ ಹೋಗಿಲ್ಲ. ಮನೆಗೆ ಬಂದ ಮೇಲೆ ಬಂತಲ್ಲ.

ಒಮ್ಮೆ ನಿಮ್ಮ ಡಾಕ್ಟರಿಗೆ ತೋರಿಸಿ. ಭಾನುವಾರವೂ, ರಜೆಯಲ್ಲೂ ಹೊಟ್ಟೆ ನೋಯುತ್ತಿದ್ದರೆ ಕಾರಣ ಬೇರೆ ಇರಬಹುದು. ಶಾಲೆ ಮಾತ್ರ ತಪ್ಪಿಸಬೇಡಿ. ಒಂದು ದಿನ ಮನೆಯಲ್ಲಿ ಉಳಿದರೆ ಹೊಟ್ಟೆನೋವು ತಟ್ಟನೆ ಇಳಿಯುತ್ತದೆ, ಆದರೆ ಮರುದಿನ ಹೆದರಿಕೆ ದುಪ್ಪಟ್ಟು.

ನಮ್ಮ ಕಡೆ ಯಕ್ಷಗಾನ ಕಲಿಯುವ ಮಕ್ಕಳನ್ನು ನೋಡಿದ್ದೀರಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ಕೈ ನಡುಗುತ್ತದೆ, ನಾಲ್ಕು ಸಲ ಹೊರಗೆ ಹೋಗಿಬರುತ್ತವೆ. ಚಂಡೆಯ ಪೆಟ್ಟು ಬಿದ್ದು ಒಂದು ಸುತ್ತು ಕುಣಿದ ಮೇಲೆ ನಡುಕ ಎಲ್ಲಿ? "ಹೆದರಬೇಡ" ಅಂತ ಹೇಳಿ ಯಾರೂ ಅವರ ಹೆದರಿಕೆ ಬಿಡಿಸಿಲ್ಲ. ರಂಗ ಹತ್ತಿಸಿ ಹತ್ತಿಸಿಯೇ ಬಿಡಿಸಿದ್ದು. ನೀವೂ ಅದನ್ನೇ ಮಾಡಿ. ಭಾನುವಾರ ಬೆಳಿಗ್ಗೆ 10ರಿಂದ 1.15ರವರೆಗೆ ಮನೆಯಲ್ಲೇ ಹಳೆಯ ಪ್ರಶ್ನೆಪತ್ರಿಕೆ ಬರೆಯಲಿ. ಯೂನಿಫಾರ್ಮ್ ಹಾಕಿಕೊಳ್ಳಲಿ, ಅದೇ ಪೆನ್ನು, ಅದೇ ಕಂಪಾಸ್ ಬಾಕ್ಸ್. ಟಿವಿ ಬಂದ್. ಮೊದಲ 15 ನಿಮಿಷ ಓದಲಿಕ್ಕೇ ಇರುವುದು, ಆಗ ತನಗೆ ಬರುವ ಪ್ರಶ್ನೆಗಳನ್ನು ಕಣ್ಣಲ್ಲೇ ಹೆಕ್ಕಿಕೊಳ್ಳಲಿ. ಅವುಗಳಿಂದಲೇ ಶುರು ಮಾಡಲಿ. ಒಂದು ಲೆಕ್ಕ ಸರಿಯಾಯಿತು ಅಂದರೆ ಅರ್ಧ ನಡುಕ ಹೋಯಿತು. ಬರೆದದ್ದನ್ನು ನೀವು ತಿದ್ದಬೇಡಿ, ಅವಳೇ ತಿದ್ದಿಕೊಳ್ಳಲಿ. ಇಂಥ ನಾಲ್ಕೈದು ಭಾನುವಾರ ಸಿಕ್ಕಿದರೆ ಬಹಳ ಆಯಿತು.

ಉಸಿರಾಟದ್ದೂ ಒಂದು ಉಪಾಯ ಇದೆ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಬಿಡುವ ಉಸಿರು ಉದ್ದ ಇರಬೇಕು, ಆಗ ಎದೆಬಡಿತ ಇಳಿಯುತ್ತದೆ. ದಿನಾ ಮಲಗುವ ಮುಂಚೆ ಐದು ನಿಮಿಷ ಮಾಡಿ ರೂಢಿಯಾಗಲಿ. ಪರೀಕ್ಷೆಯ ದಿನ ಮೊದಲ ಸಲ ಮಾಡಿದರೆ ಏನೂ ಉಪಯೋಗ ಇಲ್ಲ. ಆ ದಿನ ಬೆಳಿಗ್ಗೆ ಎಣ್ಣೆ ತಿಂಡಿ ಬೇಡ, ಗಂಜಿ ಸಾಕು.

ಕೊನೆಗೆ ನಿಮಗೇ ಒಂದು ಮಾತು. ಪೇಪರ್ ಮುಗಿಸಿ ಬಂದವಳಿಗೆ "ಹೇಗಿತ್ತು, ಎಷ್ಟು ಬರ್ತದೆ" ಅಂತ ಕೇಳಬೇಡಿ. ಬಹಳ ಕಷ್ಟ, ಗೊತ್ತು. ನನ್ನ ಮಗನ ವರ್ಷ ನಾನೇ ಬಾಗಿಲಲ್ಲಿ ನಿಂತು ಕೇಳಿದ್ದೆ, ಅವನು ಊಟ ಬಿಟ್ಟು ಮಲಗಿದ.

ಪ್ರಶ್ನೆ (ಶಿರಸಿಯ ತಂದೆ): ಮೇಡಂ, ಮಗ ರಾತ್ರಿ 1 ಗಂಟೆಯವರೆಗೆ ಚಹಾ ಕುಡಿಯುತ್ತಾ ಓದುತ್ತಾನೆ. ನಸುಕಿನಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ ಅಂತ ಅವನ ಅಜ್ಜ 4ಕ್ಕೆ ಎಬ್ಬಿಸುತ್ತಾರೆ. ಈಗ ಎಲ್ಲದಕ್ಕೂ ಸಿಡುಕುತ್ತಾನೆ.

ಉತ್ತರ: ಮೂರು ತಾಸು ನಿದ್ದೆ ಮಾಡಿದರೆ ನಾನೂ ಸಿಡುಕುತ್ತೇನೆ ಸರ್! ಈ ವಯಸ್ಸಿಗೆ 8ರಿಂದ 10 ತಾಸು ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ಅಜ್ಜನ ಕಾಲದಲ್ಲಿ ಊಟ ಮುಗಿಸಿ 8ಕ್ಕೇ ಮಲಗುತ್ತಿದ್ದರು, 4ಕ್ಕೆ ಎದ್ದರೂ ಎಂಟು ತಾಸು ಆಗುತ್ತಿತ್ತು. ಈ ಲೆಕ್ಕವನ್ನು ನೀವೇ ಅವರ ಮುಂದೆ ಇಡಿ, ಒಪ್ಪುತ್ತಾರೆ. ಸಂಜೆಯ ಮೇಲೆ ಚಹಾ ಬೇಡ. 10ಕ್ಕೆ ದೀಪ ಆರಿಸಿ, 6ಕ್ಕೆ ಏಳಲಿ.

ಓದುವ ಹೊತ್ತು ಕಡಿಮೆಯಾಯಿತು ಅಂತ ಚಿಂತೆ ಬೇಡ. ಒಂದೇ ಪಾಠವನ್ನು ನಾಲ್ಕು ಸಲ ಓದುವ ಬದಲು ಒಮ್ಮೆ ಓದಲಿ, ಪುಸ್ತಕ ಮುಚ್ಚಲಿ, ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆಯಲಿ. ಬಿಟ್ಟುಹೋದದ್ದನ್ನು ಮಾತ್ರ ಮತ್ತೆ ನೋಡಲಿ. ಇದು ಹೆಚ್ಚು ಉಳಿಯುತ್ತದೆ.

ಇನ್ನೊಂದು. ಮಾರಿಕಾಂಬಾ ಜಾತ್ರೆಯ ವರ್ಷ ನಿಮ್ಮಲ್ಲಿ ಮನೆ ತುಂಬ ನೆಂಟರು ಇರುತ್ತಾರಲ್ಲ. ಬಂದವರೆಲ್ಲ "ಎಷ್ಟು ಪರ್ಸೆಂಟ್ ಮಾಡ್ತೆ ತಮ್ಮಾ" ಅಂತ ಶುರು ಮಾಡುವ ಮೊದಲು ನೀವೇ ಮಾತು ತಿರುಗಿಸಿ. ಅಡಿಕೆ ರೇಟು ಕೇಳಿದರೆ ಸಾಕು, ಎರಡು ತಾಸು ಅದೇ ಮಾತು.

ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದನ್ನು ಅವನಿಗೆ ಒಮ್ಮೆ ಹೇಳಿ. ದಿನಾ ಹೇಳಬೇಡಿ, ದಿನಾ ಹೇಳಿದರೆ ಅದೂ ಅಂಕದ ಮಾತೇ.

ಪ್ರಶ್ನೆ (ಕಾರವಾರದಿಂದ ಒಬ್ಬರು): ಅಕ್ಕನ ಮಗಳು ಪಿಯುಸಿ. ನಿನ್ನೆ "ನಾನು ಇಲ್ದಿದ್ರೆ ಎಲ್ರಿಗೂ ಆರಾಮ" ಅಂದಳು. ಸುಮ್ನೆ ಹೆದರಿಸುತ್ತಿದ್ದಾಳೆ ಅಂತ ಅಕ್ಕ ಹೇಳುತ್ತಾಳೆ.

ಉತ್ತರ: ಹೆದರಿಸುತ್ತಿದ್ದಾಳೆ ಅಂತ ಬಿಡಬೇಡಿ. ಇವತ್ತೇ ಹೋಗಿ ಪಕ್ಕದಲ್ಲಿ ಕೂತು "ಸಾಯಬೇಕು ಅಂತ ಅನಿಸ್ತಾ ಇದೆಯಾ" ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಅವಳು ಮಾತಾಡುವಾಗ ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ. ಒಬ್ಬಳನ್ನೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಗಿಡಕ್ಕೆ ಹೊಡೆಯುವ ಔಷಧಿ ಎಲ್ಲ ಅವಳ ಕೈಗೆ ಸಿಗದ ಕಡೆ ಇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೂ ಬೇಗ ತೋರಿಸಿ. ನನಗೆ ಇನ್‌ಬಾಕ್ಸ್‌ನಲ್ಲಿ ನಂಬರ್ ಕಳಿಸಿ, ಈಗಲೇ ಮಾತಾಡೋಣ.

ಅಂಕೋಲಾದ ತಾಯಿ (ಮೂರು ವಾರದ ನಂತರ): ಮೇಡಂ, ಇವತ್ತು ಎರಡನೇ ಪೂರ್ವಸಿದ್ಧತಾ ಪರೀಕ್ಷೆಯ ಗಣಿತ. ಬೆಳಿಗ್ಗೆ ಹೊಟ್ಟೆ ತೊಳಸಿತು, ವಾಂತಿ ಆಗಲಿಲ್ಲ. ಮಧ್ಯಾಹ್ನ ಬಂದಾಗ ನಾನು ಏನೂ ಕೇಳಲಿಲ್ಲ. ಊಟಕ್ಕೆ ಕೂತ ಮೇಲೆ ಅವಳೇ "ಮೂರು ಮಾರ್ಕಿನದು ಒಂದು ಬಿಟ್ಟೆ ಆಯಿ" ಅಂದಳು. ಬಾಯಿ ತುದಿಗೆ ಬಂದಿತ್ತು. ತಲೆ ಬಗ್ಗಿಸಿ ಬಂಗಡೆಯ ಮುಳ್ಳು ಬಿಡಿಸುತ್ತಾ ಕೂತೆ.

ಉತ್ತರ: ಹಾಗೇ ಕೂತಿರಿ ಅಕ್ಕ. ನಾಳೆ ಯಾವ ಪೇಪರ್ ಅಂತಲೂ ನೆನಪಿಸಬೇಡಿ, ಅವಳಿಗೆ ಗೊತ್ತಿದೆ.