ಹೊಲಿಗೆ ಮಷೀನಿನ ಬಾಬಿನ್ ಕೇಸ್ ಕಳಚಿ ಬೀಳುತ್ತಿದೆ, ಬಟ್ಟೆಯ ಅಡಿಯಲ್ಲಿ ದಾರ ಗಂಟಾಗುತ್ತಿದೆ. ಸ್ಕ್ರೂ ಬಿಗಿ ಮಾಡಲಾ?

ತೋಟದಮನೆ, ನಾಪೋಕ್ಲು:

ಎಲ್ಲರಿಗೂ ನಮಸ್ಕಾರ. ನಮ್ಮದು ಅತ್ತೆಯ ಕಾಲದ ಕಪ್ಪು ಹೊಲಿಗೆ ಮಷೀನು, ಕಾಲಲ್ಲಿ ತುಳಿಯುವಂಥದ್ದು. ಎಡಗಡೆಯ ತಟ್ಟೆ ಸರಿಸಿದರೆ ಕೆಳಗೆ ಬಾಬಿನ್ ಕೇಸ್ (ಅಡಿ ದಾರ ಸುತ್ತಿದ ಬಾಬಿನ್ ಇಡುವ ಚಿಕ್ಕ ಡಬ್ಬಿ) ಕೂರುತ್ತದಲ್ಲ, ಆ ಬಗೆಯದು. ಕಕ್ಕಡ ತಿಂಗಳಿಡೀ ಮಳೆ ಬಿಡಲಿಲ್ಲ, ಮಷೀನು ಮುಚ್ಚಿಯೇ ಇತ್ತು. ಈಗ ಕೈಲ್ ಮುಹೂರ್ತ ಹಬ್ಬ ಹತ್ತಿರ ಬಂತು, ರವಿಕೆ, ಸೀರೆ ಫಾಲ್, ಮಕ್ಕಳ ಬಟ್ಟೆ ಎಲ್ಲ ರಾಶಿ ಬಿದ್ದಿದೆ.

ತೊಂದರೆ ಒಂದಲ್ಲ. ಹೊಲಿಯುತ್ತಾ ಹೋದಂತೆ ಬಟ್ಟೆಯ ಮೇಲ್ಗಡೆ ಹೊಲಿಗೆ ಚೆನ್ನಾಗಿಯೇ ಕಾಣುತ್ತದೆ, ತಿರುಗಿಸಿ ನೋಡಿದರೆ ಅಡಿಯಲ್ಲಿ ದಾರ ಉಂಗುರ ಉಂಗುರವಾಗಿ ಗಂಟು. ಆಗಾಗ ಬಾಬಿನ್ ಕೇಸ್ 'ಟಕ್' ಅಂತ ಕಳಚಿಕೊಂಡು ಕೆಳಗೆ ಬೀಳುತ್ತದೆ. ಅದರ ಜೊತೆಗೆ ಅಡಿ ದಾರ ನಡುನಡುವೆ ತುಂಡಾಗುತ್ತದೆ. ಪಕ್ಕದ ಮನೆಯವರು ಕೇಸಿನ ಮೇಲಿನ ಸ್ಕ್ರೂ ಬಿಗಿ ಮಾಡಿ, ಎಲ್ಲ ಸರಿಹೋಗುತ್ತದೆ ಅಂತಾರೆ. ಮಾಡಬಹುದಾ? ಮಡಿಕೇರಿಯಿಂದ ರಿಪೇರಿಯವರನ್ನು ಕರೆಸೋಣ ಅಂದರೆ ಈ ಮಳೆಯಲ್ಲಿ ಒಂದು ಮಷೀನಿಗೋಸ್ಕರ ಯಾರೂ ಇಷ್ಟು ದೂರ ಬರಲು ಒಪ್ಪುತ್ತಿಲ್ಲ.

ಟೈಲರಣ್ಣ, ವಿರಾಜಪೇಟೆ:

ಅಕ್ಕಾ, ಸ್ಕ್ರೂ ಮುಟ್ಟಬೇಡಿ. ಈಗಲೇ ಬೇಡ. ನೀವು ಹೇಳಿದ್ದು ಮೂರು ಬೇರೆ ಬೇರೆ ತೊಂದರೆ, ಮೂರಕ್ಕೂ ಕಾರಣ ಬೇರೆ. ಒಂದೇ ಸ್ಕ್ರೂ ತಿರುಗಿಸಿದರೆ ಮೂರೂ ಹೋಗುವುದಿಲ್ಲ, ನಾಲ್ಕನೆಯದೊಂದು ಬರುತ್ತದೆ ಅಷ್ಟೇ.

ಮೊದಲು ಗಂಟಿನ ವಿಷಯ. ಗಂಟು ಕೆಳಗೆ ಕಾಣುತ್ತದೆ ಅಂತ ಎಲ್ಲರೂ ಬಾಬಿನ್ ಕೇಸನ್ನೇ ಬೈಯುತ್ತಾರೆ. ಆದರೆ ಅಡಿಯಲ್ಲಿ ಉಂಗುರ ಬೀಳುವುದು ಹೆಚ್ಚಿನ ಸಲ ಮೇಲಿನ ದಾರದಿಂದ. ಸೂಜಿ ಕೆಳಗೆ ಇಳಿದಾಗ, ಬಾಬಿನ್ ಕೇಸ್ ಕೂರುವ ಶಟಲಿನ ಕೊಕ್ಕು ಮೇಲಿನ ದಾರವನ್ನು ಹಿಡಿದು ಇಡೀ ಬಾಬಿನ್ ಕೇಸನ್ನು ಸುತ್ತಿಸಿಕೊಂಡು ಬರುತ್ತದೆ, ಆಮೇಲೆ ಮೇಲೆ ಕೆಳಗೆ ಆಡುವ ಆ ಕಡ್ಡಿ, ಟೇಕಪ್ ಲಿವರ್, ಆ ದಾರವನ್ನು ಮತ್ತೆ ಮೇಲಕ್ಕೆ ಎಳೆದುಕೊಳ್ಳಬೇಕು. ಮೇಲಿನ ಟೆನ್ಷನ್, ಅಂದರೆ ದಾರದ ಬಿಗಿ, ಸಡಿಲ ಇದ್ದರೆ, ಅಥವಾ ದಾರ ಆ ಲಿವರಿನ ತೂತಿನೊಳಗೆ ಹೋಗದೇ ಇದ್ದರೆ, ಎಳೆದುಕೊಳ್ಳುವವರೇ ಇಲ್ಲ. ದಾರ ಕೆಳಗೇ ಉಳಿದು ಗಂಟಾಗುತ್ತದೆ.

ಹಾಗಾಗಿ ಮೇಲಿನ ದಾರ ಪೂರ್ತಿ ತೆಗೆದು ಹೊಸದಾಗಿ ಹಾಕಿ. ಹಾಕುವಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫುಟ್ ಮೇಲೆ ಎತ್ತಿರಬೇಕು, ಇದು ಮುಖ್ಯ. ಫುಟ್ ಕೆಳಗಿದ್ದರೆ ಟೆನ್ಷನ್ನಿನ ಎರಡು ಬಿಲ್ಲೆಗಳು ಒತ್ತಿಕೊಂಡಿರುತ್ತವೆ, ದಾರ ನಡುವೆ ಇಳಿಯದೆ ಮೇಲೆ ಮೇಲೆಯೇ ಕೂರುತ್ತದೆ. ಹಾಕಿದ ಮೇಲೆ ಫುಟ್ ಇಳಿಸಿ ಸೂಜಿಯ ಹತ್ತಿರ ದಾರ ಎಳೆದು ನೋಡಿ, ಬಿಗಿ ಸಿಗಬೇಕು. ಫುಟ್ ಎತ್ತಿದರೆ ಸಲೀಸಾಗಿ ಬರಬೇಕು.

ಆಮೇಲೆ ಒಂದು ಪರೀಕ್ಷೆ. ಮೇಲೆ ಕೆಂಪು ದಾರ, ಬಾಬಿನ್ನಿಗೆ ಬಿಳಿ ದಾರ. ಹಳೇ ಪಂಚೆ ತುಂಡನ್ನು ಎರಡು ಮಡಿಕೆ ಮಾಡಿ ಹೊಲಿಯಿರಿ. ಅಡಿಯಲ್ಲಿ ಕೆಂಪು ಕಂಡರೆ ಮೇಲಿನ ಟೆನ್ಷನ್ ಕಡಿಮೆ. ಮೇಲೆ ಬಿಳಿ ಚುಕ್ಕಿ ಎದ್ದರೆ ಮೇಲಿನದು ಜಾಸ್ತಿ ಬಿಗಿ, ಇಲ್ಲಾ ಬಾಬಿನ್ ಕೇಸ್ ಸಡಿಲ. ಎರಡೂ ದಾರ ಬಟ್ಟೆಯ ನಡುವೆ ಕೂಡಿಕೊಂಡು ಯಾವ ಕಡೆಯೂ ಇಣುಕದಿದ್ದರೆ ಸರಿ ಇದೆ.

ಇನ್ನೊಂದು, ಹೊರಡುವಾಗ ಚಕ್ರ ಯಾವ ಕಡೆ ತಿರುಗುತ್ತಿದೆ ನೋಡಿಕೊಳ್ಳಿ. ಕೈಚಕ್ರ ನಿಮ್ಮ ಕಡೆಗೆ ತಿರುಗಬೇಕು. ಕಾಲು ಮಷೀನಿನಲ್ಲಿ ತುಳಿತ ಹಿಂದುಮುಂದಾಗಿ ಒಂದು ಸುತ್ತು ಉಲ್ಟಾ ಹೋದರೂ ದಾರ ಶಟಲಿಗೆ ಸಿಕ್ಕಿಕೊಳ್ಳುತ್ತದೆ.

ಸೂಜಿದಾರ, ಸೋಮವಾರಪೇಟೆ:

ಅಣ್ಣ ಹೇಳಿದ್ದು ಸರಿ. ದಾರ ತುಂಡಾಗುವುದು ಮತ್ತು ಕೇಸ್ ಬೀಳುವುದರ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಊರುಗಳ ಮಳೆಗಾಲದ ಕಾಯಿಲೆ. ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುವಾಗ ಮುಚ್ಚಿಟ್ಟ ಮಷೀನಿನ ಕಬ್ಬಿಣ ಬಿಟ್ಟೀತಾ?

ಸೂಜಿಯನ್ನು ಪೂರ್ತಿ ಮೇಲೆ ತಂದು ಕೇಸ್ ಹೊರಗೆ ತೆಗೆಯಿರಿ. ಕೇಸಿನ ಹೊರಮೈಯಲ್ಲಿ ಒಂದು ತೆಳ್ಳನೆಯ ಉಕ್ಕಿನ ಪಟ್ಟಿ ಇದೆಯಲ್ಲ, ಅದೇ ಟೆನ್ಷನ್ ಸ್ಪ್ರಿಂಗ್. ದಾರ ಅದರ ಅಡಿಯಲ್ಲೇ ಹಾದು ಬರುವುದು. ಕಿಟಕಿ ಬೆಳಕಿಗೆ ಹಿಡಿದು ಆ ಪಟ್ಟಿಯ ಅಂಚು ನೋಡಿ. ಅಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಚುಕ್ಕಿ ಕಂಡರೆ ತುಕ್ಕು. ಉಗುರಿನ ತುದಿ ಆಡಿಸಿದರೆ ತರಿತರಿ ಅನ್ನುತ್ತದೆ. ದಾರ ಅದಕ್ಕೆ ಉಜ್ಜಿ ಉಜ್ಜಿ ಎಳೆ ಬಿಟ್ಟು ತುಂಡಾಗುತ್ತದೆ. ಎಷ್ಟೋ ಸಲ ತುಕ್ಕೂ ಇರುವುದಿಲ್ಲ, ಹಳೇ ದಾರದ ಒಂದು ಚೂರು ಪಟ್ಟಿಯ ಅಡಿ ಸಿಕ್ಕಿಕೊಂಡಿರುತ್ತದೆ. ಆ ಚೂರು ಪಟ್ಟಿಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿದರೂ ಸಾಕು, ಟೆನ್ಷನ್ ಒಮ್ಮೆ ಇದೆ ಒಮ್ಮೆ ಇಲ್ಲ.

ಅದನ್ನು ತೆಗೆಯಲು ಪಿನ್ನು, ಸೂಜಿ ಹಾಕಬೇಡಿ, ಗೀರು ಬೀಳುತ್ತದೆ. ಮದುವೆ ಕರೆಯೋಲೆಯ ಮೂಲೆ ಕತ್ತರಿಸಿ, ದಾರ ಹೋಗುವ ದಾರಿಯಲ್ಲೇ ಪಟ್ಟಿಯ ಅಡಿ ತೂರಿಸಿ ಎಳೆಯಿರಿ. ಕಪ್ಪು ಕೊಳೆ, ಜುಂಗು ಎಲ್ಲ ಅಂಟಿಕೊಂಡು ಬರುತ್ತದೆ. ತುಕ್ಕು ಇದ್ದರೆ ಬಟ್ಟೆಗೆ ಸೀಮೆಎಣ್ಣೆ ಹಾಕಿ ಒರೆಸಿ, ಚೆನ್ನಾಗಿ ಒಣಗಿಸಿ. ಒರೆಸಿದರೂ ಗುಳಿ ಗುಳಿ ಉಳಿದಿದ್ದರೆ, ಅಥವಾ ದಾರ ಓಡಿ ಓಡಿ ಪಟ್ಟಿಯಲ್ಲಿ ಗೆರೆ ಕೊರೆದಿದ್ದರೆ, ಕೇಸ್ ಬದಲಾಯಿಸುವುದೇ ಒಳ್ಳೆಯದು. ಅದನ್ನು ಯಾವ ಸ್ಕ್ರೂ ಕೂಡ ಸರಿ ಮಾಡುವುದಿಲ್ಲ.

ಕೇಸ್ ಕಳಚಿ ಬೀಳುವುದು ಬೇರೆ ಕಥೆ. ಕೇಸಿನ ಮುಂದೆ ಬಾಗಿಲಿನ ಹಾಗೆ ಎತ್ತುವ ಒಂದು ಲ್ಯಾಚ್ ಇದೆ. ಕೇಸ್ ಒಳಗೆ ಕೂತಾಗ ಆ ಲ್ಯಾಚ್ ಶಟಲಿನ ನಡುವಿನ ಕಂಬಿಯ ಕಚ್ಚಿಗೆ ಹಿಡಿದುಕೊಳ್ಳಬೇಕು. ಲ್ಯಾಚಿನ ಒಳಗೂ ಚಿಕ್ಕ ಸ್ಪ್ರಿಂಗ್ ಇದೆ, ತುಕ್ಕು ಹಿಡಿದರೆ ಅದು ಎತ್ತಿದಲ್ಲೇ ನಿಲ್ಲುತ್ತದೆ, ವಾಪಸ್ ಬರುವುದಿಲ್ಲ. ಎತ್ತಿ ಬಿಟ್ಟು ನೋಡಿ. ಪಟಕ್ಕನೆ ಬರಬೇಕು. ನಿಧಾನಕ್ಕೆ ಬಂದರೆ ಮಷೀನ್ ಎಣ್ಣೆ ಒಂದೇ ಹನಿ ಬಿಟ್ಟು ಹತ್ತಾರು ಸಲ ಆಡಿಸಿ, ಹೆಚ್ಚಿನ ಎಣ್ಣೆ ಒರೆಸಿಬಿಡಿ.

ಕೇಸಿಗೆ ಒಂದು ಕೊಂಬಿನಂಥ ಬೆರಳೂ ಇದೆ. ಅದು ಮೇಲ್ಗಡೆ ಶಟಲಿನ ಉಂಗುರದಲ್ಲಿರುವ ಕಚ್ಚಿನೊಳಗೇ ಕೂರಬೇಕು. ಕೂತಾಗ 'ಕ್ಲಿಕ್' ಅಂತ ಸದ್ದು ಬರುತ್ತದೆ, ಆ ಸದ್ದು ಬರುವ ತನಕ ಹೊಲಿಯಲು ಹೊರಡಬೇಡಿ. ಆದರೆ ಬೆರಳು ಕಚ್ಚಿನೊಳಗೆ ತೀರಾ ಬಿಗಿಯಾಗಿಯೂ ಕೂರಬಾರದು, ದಾರ ಅದರ ಪಕ್ಕದಿಂದಲೇ ನುಸುಳಬೇಕಲ್ವಾ.

ಕಾವೇರಿದಂಡೆ, ಕುಶಾಲನಗರ:

ಇಷ್ಟೆಲ್ಲ ಯಾಕೆ, ಹೊಸ ಬಾಬಿನ್ ಕೇಸ್ ಏನೂ ದುಬಾರಿ ಅಲ್ಲ, ತಂದು ಹಾಕಿದರೆ ಮುಗೀತು. ಮಷೀನಿಗೆ ಕೊಬ್ಬರಿ ಎಣ್ಣೆ ಹಾಕಿದರೂ ಸಲೀಸಾಗುತ್ತದೆ, ನಮ್ಮ ಮನೆಯಲ್ಲಿ ಮೊದಲಿಂದಲೂ ಅದನ್ನೇ ಹಾಕುತ್ತಿದ್ದರು.

ಟೈಲರಣ್ಣ, ವಿರಾಜಪೇಟೆ:

ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ. ಹಾಕಿದ ದಿನ ಸಲೀಸು, ಆಮೇಲೆ ಅಂಟಾಗುತ್ತದೆ, ನಮ್ಮ ಚಳಿಗೆ ಹೆಪ್ಪುಗಟ್ಟುತ್ತದೆ, ಅದರ ಮೇಲೆ ಜುಂಗು ಕೂತರೆ ಶಟಲ್ ಓಡುವುದೇ ಕಷ್ಟ. ಹೊಲಿಗೆ ಮಷೀನಿನ ಎಣ್ಣೆ ಅಂತಲೇ ತಿಳಿಯಾದದ್ದು ಸಿಗುತ್ತದೆ, ಅದೇ ಬೇಕು. ಈಗಾಗಲೇ ಕೊಬ್ಬರಿ ಎಣ್ಣೆ ಹಾಕಿ ಗಟ್ಟಿಯಾಗಿದ್ದರೆ ಶಟಲ್ ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ತೊಳೆಯಬೇಕು.

ಶಟಲ್ ತೆಗೆಯುವುದು ಅಕ್ಕಂಗೂ ಗೊತ್ತಿರಲಿ. ಕೇಸ್ ತೆಗೆದ ಮೇಲೆ ಉಂಗುರವನ್ನು ಹಿಡಿದಿರುವ ಎರಡು ಚಿಕ್ಕ ತೋಳುಗಳು ಕಾಣುತ್ತವೆ. ಎರಡನ್ನೂ ಹೊರಗೆ ತಿರುಗಿಸಿದರೆ ಉಂಗುರ ಬರುತ್ತದೆ, ಹಿಂದೆಯೇ ಅರ್ಧ ಚಂದ್ರದಂತಿರುವ ಶಟಲ್ ಬರುತ್ತದೆ. ಅದರ ಹಿಂದೆ ಜುಂಗಿನ ಗಟ್ಟಿ ಚಾಪೆಯೇ ಇರಬಹುದು. ಬ್ರಶ್ಶಿನಿಂದ ತೆಗೆಯಿರಿ. ಬಾಯಿಂದ ಊದಬೇಡಿ, ತೇವ ಹೋಗುತ್ತದೆ. ಶಟಲಿನ ಚೂಪು ತುದಿಯ ಮೇಲೆ ಬೆರಳಾಡಿಸಿ. ಯಾವಾಗಲೋ ಸೂಜಿ ಮುರಿದು ತಾಗಿದ್ದರೆ ಅಲ್ಲಿ ಗೀರು ಇರುತ್ತದೆ, ದಾರ ತುಂಡಾಗಲು ಅದೂ ಒಂದು ಕಾರಣ. ಜೀರೋ ಪೇಪರಿನಲ್ಲಿ (ತೀರಾ ನಯವಾದ ಉಪ್ಪುಕಾಗದ) ಹಗುರವಾಗಿ ಉಜ್ಜಿ ನುಣುಪು ಮಾಡಬಹುದು, ತುದಿಯ ಚೂಪು ಹೋಗದಂತೆ. ವಾಪಸ್ ಕೂರಿಸುವ ಮೊದಲು ಶಟಲ್ ಓಡುವ ದಾರಿಗೆ ಒಂದು ಹನಿ ಎಣ್ಣೆ.

ಹೊಸ ಕೇಸ್ ತರುವುದಾದರೆ ಹಳೆಯದನ್ನು ಬಾಬಿನ್ ಸಮೇತ ಅಂಗಡಿಗೆ ಹಿಡಿದುಕೊಂಡೇ ಹೋಗಿ. ನೋಡಲು ಎಲ್ಲ ಒಂದೇ ತರ. ಆದರೆ ಕೆಲವದರಲ್ಲಿ ಆ ಬೆರಳು ಗಡಿಯಾರದ 11ರ ಜಾಗದಲ್ಲಿ, ಕೆಲವದರಲ್ಲಿ 1ರ ಜಾಗದಲ್ಲಿ ಇರುತ್ತದೆ. ಅದು ತಪ್ಪಿದರೆ ಕೂರುವುದೇ ಇಲ್ಲ. ಬಾಬಿನ್ನೂ ಹಾಗೆಯೇ. ನಿಮ್ಮ ಮಷೀನಿನದು 15 ಕ್ಲಾಸ್ ಅನ್ನುವ ಅಳತೆಯ ಬಾಬಿನ್ ಆಗಿದ್ದರೆ ಅಡ್ಡಗಲ ಸುಮಾರು 20 ಮಿ.ಮೀ., ಎತ್ತರ ಹನ್ನೊಂದೂವರೆ ಮಿ.ಮೀ. ಚಿಲ್ಲರೆ. ಅದೇ ಅಗಲ ಇದ್ದು ಎತ್ತರ ಕಡಿಮೆ ಇರುವ ಬಾಬಿನ್ನೂ ಸಿಗುತ್ತದೆ. ಅದು ಈ ಕೇಸಿನೊಳಗೆ ಹೋಗಿಬಿಡುತ್ತದೆ, ಆಮೇಲೆ ಒಳಗೇ ಗಡಗಡ ಆಡುತ್ತದೆ.

ತೋಟದಮನೆ, ನಾಪೋಕ್ಲು:

ತುಂಬಾ ಥ್ಯಾಂಕ್ಸ್. ಕರೆಯೋಲೆಯ ಮೂಲೆ ಹಾಕಿ ಎಳೆದೆ. ಹಸಿರು ದಾರದ ಚೂರು ಬಂತು, ಜೊತೆಗೆ ಕಪ್ಪು ಜುಂಗು. ಮನೆಯಲ್ಲಿ ಹಸಿರು ದಾರ ಯಾವ ಕಾಲದ್ದೋ. ಲ್ಯಾಚಿಗೆ ಎಣ್ಣೆ ಬಿಟ್ಟ ಮೇಲೆ ಪಟಕ್ಕನೆ ಬರುತ್ತಿದೆ, ಕೇಸ್ ಬೀಳುತ್ತಿಲ್ಲ. ಮೇಲಿನ ದಾರ ಫುಟ್ ಎತ್ತಿ ಹಾಕಿದೆ, ಗಂಟೂ ಹೋಯಿತು. ಉಳಿದಿರುವುದು ಒಂದೇ: ಕೆಂಪು ಬಿಳಿ ದಾರದ ಪರೀಕ್ಷೆಯಲ್ಲಿ ಮೇಲೆ ಬಿಳಿ ಚುಕ್ಕಿ ಕಾಣುತ್ತಿದೆ. ಮೇಲಿನ ಟೆನ್ಷನ್ ಸ್ವಲ್ಪ ಸಡಿಲ ಮಾಡಿದರೂ ಹಾಗೇ ಇದೆ. ಈಗಲಾದರೂ ಸ್ಕ್ರೂ ಮುಟ್ಟಲಾ?

ಸೂಜಿದಾರ, ಸೋಮವಾರಪೇಟೆ:

ಮುಟ್ಟುವ ಮೊದಲು ಬಾಬಿನ್ ಯಾವ ಕಡೆ ತಿರುಗುತ್ತದೆ ನೋಡಿ. ಕೇಸಿನ ತೆರೆದ ಬಾಯಿ ನಿಮ್ಮ ಕಡೆಗಿಟ್ಟು ದಾರ ಎಳೆದರೆ ಬಾಬಿನ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಬೇಕು. ದಾರ ಸೀಳಿನೊಳಗೆ ಇಳಿದು, ಅಲ್ಲಿಂದ ಹಿಂದಕ್ಕೆ ಮಡಚಿಕೊಂಡು ಪಟ್ಟಿಯ ಅಡಿಗೆ ಹೋಗಬೇಕು. ಬಾಬಿನ್ ಉಲ್ಟಾ ಹಾಕಿದ್ದರೆ ಆ ಮಡಿಕೆ ಇರುವುದಿಲ್ಲ, ದಾರ ಜಾರುತ್ತಲೇ ಇರುತ್ತದೆ. ಬಾಬಿನ್ನಿಗೆ ದಾರ ಸುತ್ತುವಾಗಲೂ ಕೈಯಲ್ಲಿ ಸಡಿಲಕ್ಕೆ ಹಿಡಿದು ಸುತ್ತಬಾರದು, ಸುತ್ತಲೆಂದೇ ಇರುವ ಚಿಕ್ಕ ಟೆನ್ಷನ್ ಬಿಲ್ಲೆಯ ನಡುವಿನಿಂದಲೇ ತರಬೇಕು. ಸುತ್ತುವ ಗಾಲಿಯ ರಬ್ಬರ್ ಗಟ್ಟಿಯಾಗಿದ್ದರೆ ಅದು ಜಾರಿ ಜಾರಿ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಆಗುತ್ತದೆ. ಅಂಚಿನ ಹೊರಗೆ ಬರುವಷ್ಟು ತುಂಬಿಸಲೂ ಬೇಡಿ.

ಟೈಲರಣ್ಣ, ವಿರಾಜಪೇಟೆ:

ಅದೆಲ್ಲ ಸರಿ ಇದ್ದರೆ ಸ್ಕ್ರೂ ಸರದಿ. ಕೇಸಿಗೆ ಬಾಬಿನ್ ಹಾಕಿ, ದಾರದ ತುದಿ ಹಿಡಿದು ಕೇಸನ್ನು ಗಾಳಿಯಲ್ಲಿ ತೂಗಿಸಿ, ಕೆಳಗೆ ಇನ್ನೊಂದು ಕೈ ಇಟ್ಟುಕೊಂಡು. ಸುಮ್ನೆ ಹಿಡಿದಾಗ ಕೇಸ್ ನಿಲ್ಲಬೇಕು. ಕೈ ಸಣ್ಣಗೆ ಕುಲುಕಿದಾಗ ಒಂದೆರಡು ಇಂಚು ಇಳಿದು ಮತ್ತೆ ನಿಲ್ಲಬೇಕು. ಕುಲುಕುವ ಮೊದಲೇ ಸರ್ರನೆ ಇಳಿದರೆ ಸಡಿಲ, ಕುಲುಕಿದರೂ ಅಲ್ಲಾಡದಿದ್ದರೆ ಬಿಗಿ.

ಪಟ್ಟಿಯ ಮೇಲೆ ಎರಡು ಸ್ಕ್ರೂ ಇದ್ದರೆ ನಡುವಿನ ಸ್ವಲ್ಪ ದೊಡ್ಡದೇ ಟೆನ್ಷನ್ನಿನದು. ಅಂಚಿನ ಚಿಕ್ಕದು ಪಟ್ಟಿಯನ್ನು ಹಿಡಿದಿಡಲು ಮಾತ್ರ, ಅದನ್ನು ಮುಟ್ಟಬೇಡಿ. ತಿರುಗಿಸುವ ಮೊದಲು ಸ್ಕ್ರೂವಿನ ತಲೆಯ ಸೀಳು ಈಗ ಯಾವ ದಿಕ್ಕಿಗಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಆ ಸ್ಕ್ರೂ ಎಳ್ಳಿನ ಕಾಳಿನಷ್ಟೇ ಇರುತ್ತದೆ, ಕಳಚಿ ಬಿದ್ದರೆ ಸಿಗುವುದಿಲ್ಲ. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ಸಡಿಲ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ. ತಿರುಗಿಸಿ, ತೂಗಿಸಿ, ಹೊಲಿದು ನೋಡಿ, ಆಮೇಲೆ ಬೇಕಾದರೆ ಇನ್ನಷ್ಟು.

ತೋಟದಮನೆ, ನಾಪೋಕ್ಲು:

ಬಾಬಿನ್ ಸರಿಯಾಗಿಯೇ ತಿರುಗುತ್ತಿತ್ತು. ತೂಗಿಸಿದರೆ ಕೇಸ್ ಸರ್ರನೆ ಇಳಿಯುತ್ತಿತ್ತು, ಚೂರೇ ಚೂರು ಬಲಕ್ಕೆ ತಿರುಗಿಸಿದೆ. ಬಿಳಿ ಚುಕ್ಕಿ ಹೋಗಿದೆ! ರವಿಕೆ ಹೊಲಿಯಲು ಕೂತಿದ್ದೇನೆ. ಒಂದು ಕೊನೆಯ ಪ್ರಶ್ನೆ: ನಮ್ಮವರ ಕುಪ್ಯದ (ಕೊಡವ ಗಂಡಸರ ಉದ್ದ ಕೋಟು) ಅಂಚು ಬಿಚ್ಚಿದೆ, ದಪ್ಪ ಬಟ್ಟೆ, ದಪ್ಪ ದಾರ. ಅದಕ್ಕೆ ಮತ್ತೆ ಸ್ಕ್ರೂ ತಿರುಗಿಸಬೇಕಾ?

ಟೈಲರಣ್ಣ, ವಿರಾಜಪೇಟೆ:

ಈಗ ಸರಿಮಾಡಿದ ಕೇಸನ್ನು ಹಾಗೇ ಬಿಡಿ. ದಪ್ಪ ದಾರಕ್ಕೆ ಅಂತಲೇ ಇನ್ನೊಂದು ಕೇಸ್ ತಂದು, ಅದರ ಸ್ಕ್ರೂ ಸ್ವಲ್ಪ ಸಡಿಲ ಮಾಡಿಟ್ಟುಕೊಳ್ಳಿ, ಗುರುತಿಗೆ ಒಂದು ಚುಕ್ಕಿ ನೈಲ್ ಪಾಲಿಶ್ ಹಚ್ಚಿ. ಸೂಜಿ 16 ಅಥವಾ 18 ನಂಬರ್ ಹಾಕಿ, ರವಿಕೆಯ 14ರಲ್ಲಿ ಕುಪ್ಯ ಹೊಲಿಯಲು ಹೋದರೆ ಸೂಜಿ ಬಾಗಿ ಶಟಲಿಗೇ ತಾಗುತ್ತದೆ. ಮಡಿಕೆ ಜಾಸ್ತಿ ಇರುವ ಕಡೆ ತುಳಿಯಬೇಡಿ, ಕೈಯಲ್ಲೇ ಚಕ್ರ ತಿರುಗಿಸಿ ದಾಟಿಸಿ.