ಅಪ್‌ಡೇಟ್: ಹಳೇ ಬೋಟಿಗೆ ಸೆಕೆಂಡ್ ಹ್ಯಾಂಡ್ ಇಂಜಿನ್ ವಿಚಾರ

ಮಲ್ಪೆಯಲ್ಲಿರುವ ನಮ್ಮ ಹಳೇ ಮೀನುಗಾರಿಕೆ ಬೋಟಿಗೆ ಲಾರಿಯಿಂದ ಬಿಚ್ಚಿದ ಡೀಸೆಲ್ ಇಂಜಿನ್ ಹಾಕಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಆ ಇಂಜಿನ್ ಬೇಡ ಅಂತ ಬಿಟ್ಟೆವು.

"ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಿ" ಅಂತ ನಿಮ್ಮಲ್ಲೊಬ್ಬರು ಹೇಳಿದ್ದಿರಿ; ಬಿಸಿ ಇಂಜಿನ್ ಸುಲಭವಾಗಿ ಸ್ಟಾರ್ಟ್ ಆಗಿ ದೋಷ ಮುಚ್ಚಿಹೋಗಬಹುದು. ನಾವು ಹೋದಾಗ ಇಂಜಿನ್ ಆಗಲೇ ಬಿಸಿಯಾಗಿತ್ತು. ಆರಲಿ, ಕಾಯೋಣ ಅಂದರು ಅಣ್ಣ. ಮಧ್ಯಾಹ್ನದವರೆಗೆ ಅಲ್ಲೇ ಕೂತೆವು. ಆಮೇಲೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ನಿಲ್ಲಲೇ ಇಲ್ಲ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಜಿಡ್ಡು. ಮೆಕ್ಯಾನಿಕ್ ಬೆರಳಲ್ಲಿ ಒರೆಸಿ ತೋರಿಸಿದರು: ಆಯಿಲ್‌ಗೆ ನೀರು ಸೇರಿದೆ, ಅಂದರೆ ಇಂಜಿನ್ ಒಳಗೆಲ್ಲೋ ಸೋರುತ್ತಿದೆ.

ಅದು ಚೆನ್ನಾಗಿದ್ದರೂ ಖರ್ಚು ಅಲ್ಲಿಗೆ ಮುಗಿಯುತ್ತಿರಲಿಲ್ಲ. ರೇಡಿಯೇಟರ್ ತೆಗೆದು ಸಮುದ್ರದ ನೀರಿನಿಂದ ತಂಪಾಗುವ ವ್ಯವಸ್ಥೆ ಮಾಡಬೇಕು. ಗೇರ್‌ಬಾಕ್ಸ್, ಪ್ರೊಪೆಲ್ಲರ್ ಎರಡೂ ಆ ಇಂಜಿನ್‌ಗೆ ಹೊಂದಿಕೆಯಾಗಬೇಕು. ಸುಮ್ನೆ ಇಂಜಿನ್ ರೇಟ್ ಮಾತ್ರ ನೋಡಿದ್ದು ನನ್ನ ತಪ್ಪು.

ನಮ್ಮ ಹಳೇ ಇಂಜಿನ್ನನ್ನೇ ಬಿಚ್ಚಿಸಿದೆವು. ಬ್ಲಾಕ್ (ಇಂಜಿನ್ನಿನ ಮೈ), ಕ್ರ್ಯಾಂಕ್ (ಒಳಗೆ ತಿರುಗುವ ಮುಖ್ಯ ದಂಡ) ಗಟ್ಟಿಯಾಗಿವೆ! ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ಪಿಸ್ಟನ್, ರಿಂಗ್, ಬೇರಿಂಗ್ ಮಾತ್ರ ಹೊಸದು. ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ಮೀನುಗಾರಿಕೆಗೆ ನಿಷೇಧ ಅಲ್ವಾ, ಅಷ್ಟರಲ್ಲಿ ಕೆಲಸ ಆಗುತ್ತದೆ. ನಾಳೆ ಲೈನರ್ ಕೂರಿಸುತ್ತಾರೆ.